ಮಂತ್ರಿಗಳ ತಲೆಗಳಿದ್ದ ಅರಮನೆ

ಸುಧಾಮಣಿಯ ಅಜ್ಜಿಗೆ ಒಂದು ಅರಮನೆಯಿತ್ತು. ಅದಕ್ಕೆ ಬೇರೆಯವರು ಬೀಗ ಹಾಕಿದ್ದರು.

ಸುಧಾಮಣಿ ಮಗುವಾಗಿದ್ದಾಗ ಊಟಕ್ಕೆ ಹಟ ಮಾಡಿದರೆ ಅಜ್ಜಿ ಮಾರಮ್ಮ ಅವಳನ್ನು ಕಂಕುಳಿಗೆ ಏರಿಸಿಕೊಂಡು ಬೀದಿಯ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ಅಗೋ ನೋಡು ಅರಮನೆ, ಅದನ್ನು ಈ ತಲೆಯ ಮೇಲೆ ಹೊತ್ತವಳು ನಾನು, ನಿನ್ನ ಮದುವೆ ಅದರೊಳಗೇ, ಈಗ ಬಾಯಿ ತೆಗಿ ಅನ್ನುತ್ತಿದ್ದಳು. ಮಗು ಬಾಯಿ ತೆಗೆಯುತ್ತಿತ್ತು. ಅದರ ಕಣ್ಣಿಗೆ ಅಜ್ಜಿ ಇಡೀ ಕಟ್ಟಡವನ್ನು ಬಾಗಿಲು ಕಿಟಕಿ ಸಮೇತ ಸಿಂಬೆಯ ಮೇಲಿಟ್ಟುಕೊಂಡು, ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನ ನಡುವೆ ಕೈ ಬೀಸಿಕೊಂಡು ನಡೆದು ಬರುವುದು ಕಾಣುತ್ತಿತ್ತು. ದೊಡ್ಡವಳಾದ ಮೇಲೆ ತಿಳಿಯಿತು, ಅಜ್ಜಿ ಅದನ್ನು ಹೊತ್ತದ್ದು ಬಾಂಡ್ಲಿ ಬಾಂಡ್ಲಿಯಾಗಿ. ಮಣ್ಣು, ಜಲ್ಲಿ, ಕಲಸಿದ ಸಿಮೆಂಟು. ಮಾರಮ್ಮನ ನಡುನೆತ್ತಿಯಲ್ಲಿ ಅಂಗೈಯಗಲ ಬೋಳಾಗಿತ್ತು. ಅಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ.

ಅದು ಹೊಂಗೆಪಾಳ್ಯ ಕಾಲೋನಿಯ ಅಂಬೇಡ್ಕರ್ ಭವನ. ಬಿಳೇಕಹಳ್ಳಿ ದಾಟಿ ಹುಳಿಮಾವು ಬರುವ ಮುಂಚೆ, ಎರಡು ಅಪಾರ್ಟ್‌ಮೆಂಟುಗಳ ನಡುವಿನ ಸಂದಿಯಲ್ಲಿ ಒಳಕ್ಕೆ ತಿರುಗಿದರೆ ಕಾಲೋನಿ, ಕಾಲೋನಿಯ ಕೊನೆಗೆ ಭವನ. ಬಾಗಿಲ ಪಕ್ಕ ಕರಿಕಲ್ಲಿನ ಫಲಕ. ಅದರಲ್ಲಿ ಬಾಬಾಸಾಹೇಬರ ಹೆಸರು ಒಂದು ಬೆರಳಿನಷ್ಟು, ಉದ್ಘಾಟಿಸಿದ ಬೈರಣ್ಣನವರ ಹೆಸರು ಒಂದು ಮೊಳದಷ್ಟು. ಉದ್ಘಾಟನೆಯಾದ ವಾರಕ್ಕೆ ಬೈರಣ್ಣನವರ ಬಲಗೈ ಶಿವರಾಮ್ ಬಂದು, ಎರಡು ದಿನದ ಮಟ್ಟಿಗೆ ಒಂದಿಷ್ಟು ಕುರ್ಚಿ ಇಡುತ್ತೇನೆ ಅಂದ. ಇಟ್ಟ. ಬೀಗ ಹಾಕಿದ. ಆ ಎರಡು ದಿನ ಇನ್ನೂ ಮುಗಿದಿಲ್ಲ. ಕಾಲೋನಿಯ ಮದುವೆಗಳು ಬೀದಿಯಲ್ಲಿ ನಡೆದವು, ತಿಥಿಗಳು ಚರಂಡಿಯ ಪಕ್ಕದಲ್ಲಿ ನಡೆದವು. ಭವನದೊಳಗೆ ಏನಿದೆಯೆಂದು ಯಾರಿಗೂ ತಿಳಿಯದೆ ಮಕ್ಕಳು ಅಲ್ಲಿ ದೆವ್ವ ಇದೆ ಅನ್ನತೊಡಗಿದರು.

ಬೈರಣ್ಣನವರ ಕಥೆಯನ್ನೂ ಸುಧಾಮಣಿ ಅಜ್ಜಿಯ ಬಾಯಲ್ಲೇ ಕೇಳಿದ್ದು. ರಾಕ್ಷಸನ ಜೀವ ಗಿಳಿಯಲ್ಲಿರುವ ಕಥೆ ಮುಗಿದ ಮೇಲೆ ಬೈರಣ್ಣನ ಕಥೆ ಬರುತ್ತಿತ್ತು, ಆದ್ದರಿಂದ ಎಷ್ಟೋ ವರ್ಷ ಅವಳ ತಲೆಯಲ್ಲಿ ಎರಡೂ ಕಲಸಿಹೋಗಿದ್ದವು. ಒಂದಾನೊಂದು ಕಾಲದಲ್ಲಿ ಹೊಂಗೆಪಾಳ್ಯದಲ್ಲಿ ಒಂದು ಕೆರೆಯಿತ್ತು. ಕೆರೆ ಹಿಂದಿನ ಹೊಲಗಳೆಲ್ಲ ಬೈರಣ್ಣನ ಅಪ್ಪನದು. ಆ ಹೊಲಗಳ ಕೆಲಸವೆಲ್ಲ ಮಾರಮ್ಮನ ಮನೆಯವರದು. ಒಂದು ಮಧ್ಯಾಹ್ನ ಹುಡುಗ ಬೈರಣ್ಣ ಎಮ್ಮೆ ಮೇಲಿಂದ ಜಾರಿ ಕೆರೆಗೆ ಬಿದ್ದ. ಗೊಬ್ಬರ ಹೊರುತ್ತಿದ್ದ ಮಾರಮ್ಮ ಬುಟ್ಟಿ ಎಸೆದು ಓಡಿ, ಅವನ ಜುಟ್ಟು ಹಿಡಿದು ಎಳೆದು ದಡಕ್ಕೆ ಹಾಕಿದಳು. ಅಷ್ಟೇ ಕಥೆ. ಆಮೇಲೇನಾಯಿತು ಎಂದು ಕೇಳಿದರೆ ಮಾರಮ್ಮ, ಆಮೇಲೆ ಅವನು ಎಮ್ಮೆಲ್ಲೆ ಆದ ಅನ್ನುತ್ತಿದ್ದಳು.

ನಿಜವೇ. ಎಮ್ಮೆಯ ಹಾಲು ಹಾಕುತ್ತಿದ್ದವನು ಸೈಟು ಮಾರತೊಡಗಿದ. ಸೈಟು ಮಾರುತ್ತಿದ್ದವನು ಹೊಲಿಗೆ ಯಂತ್ರದ ಗುರುತಿನಲ್ಲಿ ನಿಂತು ಕಾರ್ಪೊರೇಟರ್ ಆದ. ಆಮೇಲೆ ಕೊಡೆ ಪಕ್ಷ ಸೇರಿ ಶಾಸಕನಾದ, ಗಂಟೆ ಪಕ್ಷ ಸೇರಿ ಮತ್ತೆ ಶಾಸಕನಾದ, ಕೊಡೆ ಪಕ್ಷಕ್ಕೆ ವಾಪಸು ಬಂದು ಮಂತ್ರಿಯಾದ. ಪ್ರತಿ ಚುನಾವಣೆಗೂ ಮಾರಮ್ಮನನ್ನು ವೇದಿಕೆ ಹತ್ತಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡು, ಈ ದಲಿತ ತಾಯಿ ನನಗೆ ಎರಡನೇ ಜನ್ಮ ಕೊಟ್ಟಳು ಎಂದು ಕಣ್ಣೊರೆಸಿಕೊಂಡ. ಮೊದಲ ಚುನಾವಣೆಯಲ್ಲಿ ಕೆರೆ ಸೊಂಟದುದ್ದವಿತ್ತು. ಮುಂದಿನದರಲ್ಲಿ ಎರಡಾಳುದ್ದ. ಕಳೆದ ಸಲ ಅದಕ್ಕೊಂದು ಸುಳಿಯೂ ಸೇರಿತ್ತು. ಭಾಷಣದಲ್ಲಿ ಕೆರೆ ಆಳವಾಗುತ್ತ ಹೋದಂತೆ ನೆಲದ ಮೇಲೆ ಸಣ್ಣದಾಗುತ್ತ ಹೋಯಿತು. ಈಗ ಅಲ್ಲಿ ಬೈರಣ್ಣ ಬಡಾವಣೆ ಇದೆ, ಮೂಲೆಯಲ್ಲಿ ಬಾತುಕೋಳಿ ಬೊಂಬೆಯಿರುವ ಒಂದು ಪಾರ್ಕಿದೆ. ಕೆರೆಗಳನ್ನು ನೋಡಿಕೊಳ್ಳುವ ಖಾತೆಯನ್ನೇ ಅವರಿಗೆ ಕೊಟ್ಟಿದ್ದಾರೆ.

ಸುಧಾಮಣಿ ಜಯನಗರ ಫೋರ್ತ್ ಬ್ಲಾಕಿನ ಸೀರೆ ಅಂಗಡಿಯಲ್ಲಿ ಬೊಂಬೆಗಳಿಗೆ ಸೀರೆ ಉಡಿಸುವವಳು. ಇಡೀ ದಿನ ನಿಂತೇ ಕೆಲಸ. ಕೂತರೆ ಮ್ಯಾನೇಜರು ಕೆಮ್ಮುತ್ತಾನೆ. ಸಂಜೆಗೆ ಕಾಲು ಕಂಬವಾಗುತ್ತದೆ. ಬೊಂಬೆಗಳಲ್ಲಿ ಅರ್ಧಕ್ಕೆ ತಲೆಯಿಲ್ಲ, ಅವಕ್ಕೆಲ್ಲ ಅವಳು ರಾಜಕುಮಾರಿಯರ ಹೆಸರಿಟ್ಟಿದ್ದಾಳೆ. ಸೆರಗು ಹಾಕುತ್ತ ಕನಸು ಕಾಣುತ್ತಾಳೆ. ಕನಸಿನಲ್ಲಿ ಬರುವುದು ಒಂದೇ, ಅರಮನೆಯ ಬಾಗಿಲು ತೆರೆಯುತ್ತದೆ, ಒಳಗೆ ಅಜ್ಜಿ ನಿಂತಿರುತ್ತಾಳೆ, ತಲೆಯ ಮೇಲೆ ಏನೂ ಇರುವುದಿಲ್ಲ.

ಅವಳಿಗೆ ಯಡಿಯೂರಿನ ಮಹೇಶನ ಜೊತೆ ಮದುವೆ ಗೊತ್ತಾಯಿತು. ಅವನು ಲಿಫ್ಟ್ ರಿಪೇರಿ ಮಾಡುವವನು. ಮನೆಯವರೆಲ್ಲ ಬೌದ್ಧರು. ಮುಹೂರ್ತ, ವಾಲಗ ಏನೂ ಬೇಡ, ಬುದ್ಧವಂದನೆ ಮಾಡಿ ಹಾರ ಹಾಕಿಕೊಂಡರೆ ಆಯಿತು ಎಂದಿದ್ದ. ಸುಧಾಮಣಿ ಎಲ್ಲಕ್ಕೂ ಒಪ್ಪಿದಳು. ಅವಳದೂ ಒಂದೇ ಮಾತು, ಮದುವೆ ಭವನದೊಳಗೆ ಆಗಬೇಕು. ತಾಯಿ ತೀರಿಕೊಂಡಾಗ ದೇಹವನ್ನು ಬೀದಿಯಲ್ಲಿ ಮಲಗಿಸಿ ಮಳೆಗೆ ಕೊಡೆ ಹಿಡಿದಿದ್ದರು. ಭವನದ ಜಗಲಿಗೂ ಬಿಟ್ಟಿರಲಿಲ್ಲ. ಆ ಕೊಡೆಯ ಮೇಲೆ ಬೈರಣ್ಣನ ಮುಖವಿತ್ತು. ಅದನ್ನು ಅವಳು ಮರೆತಿರಲಿಲ್ಲ.

ಅಜ್ಜಿ ಮೊಮ್ಮಗಳು ಬೀಗದ ಕೈ ಕೇಳಲು ಜೆ.ಪಿ. ನಗರದ ಮಂತ್ರಿಗಳ ಮನೆಗೆ ಹೋದರು.

ಕೆಳಗೇ ಆಫೀಸು. ಬಂದವರೆಲ್ಲ ಸೋಫಾದಲ್ಲಿ ಕೂತಿದ್ದರು. ಇವರನ್ನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿದರು. ಮೇಜಿನ ಮೇಲೆ ಮಂತ್ರಿಗಳ ಮಗ ನಂದಕುಮಾರನ ಮದುವೆಯ ಆಹ್ವಾನ, ಚಿನ್ನದ ಬಣ್ಣದ ಪೆಟ್ಟಿಗೆಗಳಲ್ಲಿ ಗೋಪುರದಂತೆ ಪೇರಿಸಿತ್ತು. ಹೆಣ್ಣಿನ ಹೆಸರು ಅರ್ಪಿತ. ಮಂತ್ರಿಗಳ ಹೆಂಡತಿ ಅಂಜನಮ್ಮ ಒಳಗಿಂದ ಬಂದು, ಹಾಲುಗಂಬಕ್ಕೆ ಅತ್ತಿ ಕೊಂಬೆ ಇನ್ನೂ ಸಿಕ್ಕಿಲ್ಲ, ಶಾಸ್ತ್ರ ತಪ್ಪಿದರೆ ಮಗನ ಸಂಸಾರಕ್ಕೆ ಒಳ್ಳೆಯದಲ್ಲ ಎಂದು ಆಳುಗಳ ಮೇಲೆ ರೇಗಿ ಹೋದರು. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಇವರಿಬ್ಬರಿಗೆ ಪೇಪರ್ ಕಪ್ಪಿನಲ್ಲಿ ಬಂತು. ಸುಧಾಮಣಿ ಕಪ್ಪನ್ನೂ ಶಿವರಾಮನನ್ನೂ ನೋಡಿದಳು. ಶಿವರಾಮ್, ಹೈಜೀನ್ ಅಂದ.

ಮಾರಮ್ಮನನ್ನು ಕಂಡದ್ದೇ ಬೈರಣ್ಣ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದರು. ಫೋಟೋ ತೆಗೆಸಿಕೊಂಡರು. ಸೋಫಾದವರಿಗೆ ಕೆರೆಯ ಕಥೆ ಹೇಳಿದರು. ಸುಳಿ ಇತ್ತು. ಈ ಸಲ ಬಿರುಗಾಳಿಯೂ ಇತ್ತು.

"ಬುದ್ಧಿ, ಭವನದ ಬೀಗದ ಕೈ ಬೇಕಿತ್ತು. ಮೊಮ್ಮಗಳ ಮದುವೆ," ಅಂದಳು ಮಾರಮ್ಮ.

"ಆ ಗೂಡಲ್ಲಿ ಯಾಕೆ ತಾಯಿ ಮದುವೆ? ನಿನ್ ಮೊಮ್ಮಗಳು ಅಂದ್ರೆ ನನ್ ಮಗಳಿದ್ದಂಗೆ."

ಹಾಗಾದರೆ ನಂದಕುಮಾರನ ಮದುವೆಯ ಛತ್ರದಲ್ಲೇ ತನ್ನದೂ ಆಗಲಿ ಎಂದು ಸುಧಾಮಣಿಗೆ ನಾಲಗೆ ತುದಿಗೆ ಬಂತು. ನುಂಗಿಕೊಂಡಳು. ಶಿವರಾಮ್ ಮುಂದೆ ಬಂದು, ಅಲ್ಲಿ ಪಕ್ಷದ ಸಾಮಾನಿದೆ, ಈಗ ತೆಗೆಯಲು ಆಗುವುದಿಲ್ಲ, ಎಲೆಕ್ಷನ್ ಮುಗಿಯಲಿ ಅಂದ.

"ಯಾವ ಎಲೆಕ್ಷನ್ ಅಣ್ಣ?" ಸುಧಾಮಣಿ ಕೇಳಿದಳು.

"ಯಾವ್ದಾದ್ರೂ ಒಂದು ಇರ್ತದಲ್ಲಮ್ಮ."

ಹೊರಗೆ ಬರುವಾಗ ಸ್ಟೀಲ್ ಲೋಟಗಳನ್ನು ತೊಳೆಯುತ್ತಿದ್ದರು. ಪೇಪರ್ ಕಪ್ಪುಗಳನ್ನು ಕಸದ ಬುಟ್ಟಿಗೆ ಹಾಕಿದ್ದರು. ಬಸ್ಸಿನಲ್ಲಿ ಮಾರಮ್ಮ ಸಂಚಿ ಬಿಚ್ಚಿ ಎಲೆಅಡಿಕೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಸುಧಾಮಣಿಯ ಕಣ್ಣು ತುಂಬಿ ಬಂದಿತ್ತು. ಬೇಡ ಬಿಡಜ್ಜಿ, ಬೀದಿಯಲ್ಲೇ ಮಾಡಿಕೊಳ್ಳೋಣ ಅಂದಳು. ಬಿಳೇಕಹಳ್ಳಿ ಸ್ಟಾಪು ದಾಟಿದ ಮೇಲೆ ಮಾರಮ್ಮ ಬಾಯಿ ಬಿಟ್ಟಳು.

"ನಿನ್ ಸೋದರಮಾವಂಗೆ ಫೋನ್ ಹಚ್ಚು. ಒಂದು ಅತ್ತಿ ಕೊಂಬೆ ಬೇಕು ಅನ್ನು."

ಹಾಲುಗಂಬವೆಂದರೆ ಗೊತ್ತಿಲ್ಲದವರು ಆ ಊರುಗಳಲ್ಲಿ ಇಲ್ಲ. ಮದುವೆಗೆ ಮುಂಚೆ ಹೆಣ್ಣಿನ ಇಲ್ಲವೆ ಗಂಡಿನ ಸೋದರಮಾವ ಹಾಲು ಸುರಿಯುವ ಮರದ ಕೊಂಬೆ ತಂದು, ಮದುವೆ ನಡೆಯುವ ಬಾಗಿಲ ಮುಂದೆ ನೆಡಬೇಕು. ಮುತ್ತೈದೆಯರು ಅದಕ್ಕೆ ಅರಿಶಿನದ ಬಟ್ಟೆ ಕಟ್ಟಿ ಹಾಲೆರೆಯಬೇಕು. ನೆಟ್ಟ ಮೇಲೆ ಮದುವೆಯನ್ನು ಅಲ್ಲಿಂದ ಕದಲಿಸುವಂತಿಲ್ಲ. ಮದುವೆ ಮುಗಿಯುವ ಮುಂಚೆ ಯಾರಾದರೂ ಕಿತ್ತರೆ, ಕಿತ್ತವನ ಮನೆಯಲ್ಲಿ ಮದುವೆ ಉಳಿಯುವುದಿಲ್ಲ ಎಂದು ನಂಬಿಕೆ. ನೀರು ಬೇರೆ, ಬಾವಿ ಬೇರೆ, ಲೋಟ ಬೇರೆ ಇದ್ದ ಊರಿನಲ್ಲಿ ಗೌಡರ ಬೀದಿಗೂ ಕಾಲೋನಿಗೂ ಒಂದೇ ಆಗಿದ್ದದ್ದು ಈ ಭಯ.

ಮಹೇಶನಿಗೆ ವಿಷಯ ಮುಟ್ಟಿದಾಗ ಅವನು ಓಡಿ ಬಂದ. ಬುದ್ಧವಂದನೆಯ ಮದುವೆಗೆ ಹಾಲುಗಂಬ ಯಾಕೆ, ಇದೆಲ್ಲ ಮೌಢ್ಯ, ನಮ್ಮಪ್ಪ ಏನಂದಾರು ಎಂದು ಉದ್ದಕ್ಕೆ ಹೇಳಿದ. ಮಾರಮ್ಮ ಪೂರ್ತಿ ಕೇಳಿಸಿಕೊಂಡಳು.

"ನೀನ್ ಹೇಳೋದು ಸರಿ ಕಣಪ್ಪ. ಕಂಬ ನಿಮಗಲ್ಲ. ದೇವ್ರಿಗೂ ಅಲ್ಲ. ಅದು ಬೈರಣ್ಣಂಗೆ."

ಮಹೇಶ ಅಂಗಿಯ ತೋಳು ಮಡಚಿ, ಗುಂಡಿ ತೋಡಲು ತಾನೂ ಕೈ ಹಾಕಲೇ ಎಂದು ಕೇಳಿದ.

ಸೋದರಮಾವ ಚಿನ್ನಪ್ಪ ಜಯನಗರದ ಒಂದು ಪಾರ್ಕಿನಲ್ಲಿ ಮಾಲಿ. ಗಾಳಿಗೆ ಮುರಿದು ಬಿದ್ದ ಅತ್ತಿ ಕೊಂಬೆಯೊಂದನ್ನು ಆಟೋದ ಎರಡೂ ಕಡೆಗೆ ಚಾಚಿಕೊಂಡು ತಂದ. ಬೆಳಗಿನ ಬಿಸಿಲಿನಲ್ಲಿ ಕಾಲೋನಿಯೆಲ್ಲ ಭವನದ ಮುಂದೆ ಸೇರಿತು. ಚಿನ್ನಪ್ಪ ಹಾರೆ ಹಾಕಿದ. ಬೈರಣ್ಣನವರ ಅನುದಾನದ ಕಾಂಕ್ರೀಟ್ ಹಪ್ಪಳದಂತೆ ಎದ್ದು ಬಂತು. ಅಯ್ಯೋ ಪಾಪ, ಇಷ್ಟೇನಾ ಅಂದ ಚಿನ್ನಪ್ಪ. ತಮಟೆ ಬಡಿದರು. ಪಕ್ಕದ ಮನೆಯ ಸೊಣ್ಣಮ್ಮ ಬೀದಿ ಗುಡಿಸಿ ಆಗತಾನೇ ಬಂದಿದ್ದವಳು, ಸಮವಸ್ತ್ರದಲ್ಲೇ ಹಲ್ಲಿನಿಂದ ಹಾಲಿನ ಪ್ಯಾಕೆಟ್ ಕಚ್ಚಿ ಕಂಬಕ್ಕೆ ಎರೆದಳು. ಅರ್ಧ ಕಂಬಕ್ಕೆ ಎರೆದು ಅರ್ಧ ಟೀಗೆ ಉಳಿಸಿಕೊಂಡಳು.

ತಮಟೆಯ ಸದ್ದು ಹೋದಲ್ಲಿಗೆ ಸುದ್ದಿಯೂ ಹೋಯಿತು. ಶಿವರಾಮ್ ನಾಲ್ಕು ಜನ ಗಟ್ಟಿ ಆಳುಗಳನ್ನು ಕರೆದುಕೊಂಡು ಬಂದ. ಬಂದವನೇ ಕಿತ್ತು ಬಿಸಾಕ್ರೋ ಅಂದ. ಮೊದಲನೆಯವನು ಕಂಬದವರೆಗೆ ಬಂದು, ಅರಿಶಿನದ ಬಟ್ಟೆ ನೋಡಿ, ಚಪ್ಪಲಿ ಬಿಟ್ಟು ಕೈಮುಗಿದು ಹಿಂದೆ ಸರಿದ. ಎರಡನೆಯವನು ತಂಗಿಯ ಮದುವೆ ಗೊತ್ತಾಗಿದೆ ಅಂದ. ಮೂರನೆಯವನು ತನ್ನದೇ ಗೊತ್ತಾಗಿದೆ ಅಂದ. ನಾಲ್ಕನೆಯವನಿಗೆ ಎರಡು ಮದುವೆಯಾಗಿತ್ತು, ಎರಡೂ ಉಳಿದಿರಲಿಲ್ಲ, ಇನ್ನು ನನ್ನನ್ನು ಪರೀಕ್ಷೆ ಮಾಡಬೇಡಿ ಎಂದು ಬೀಡಿ ಹಚ್ಚಿದ. ನೀವೇ ಕೀಳಿ ಶಿವರಾಮಣ್ಣ ಎಂದು ಎಲ್ಲರೂ ಗೌರವದಿಂದ ದಾರಿ ಬಿಟ್ಟರು. ಶಿವರಾಮ್ ಕಂಬದ ಬುಡದಲ್ಲಿ ಕಾಲು ಚಾಚಿ ಕೂತಿದ್ದ ಮಾರಮ್ಮನನ್ನು ನೋಡಿದ. ಮಾರಮ್ಮ ಅಡಿಕೆ ಕತ್ತರಿಸುತ್ತಿದ್ದಳು. ಅವನು ಮಂತ್ರಿಗಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ, ಹೆದರುತ್ತಾರೆಂದು.

"ಸಾರ್, ಕಾಲೋನಿಯವ್ರು ಕಂಬ ನೆಟ್ಟವ್ರೆ."

"ಯಾವ ಕಂಬ? ಮೆಟ್ರೋದಾ?"

"ಹಾಲುಗಂಬ ಸಾರ್. ಭವನದ ಮುಂದೆ."

ಆ ಕಡೆ ಅಂಜನಮ್ಮನ ದನಿ ಏನೋ ಕೇಳಿತು. ಮಂತ್ರಿಗಳು ಏನೋ ಹೇಳಿದರು. ಅಂಜನಮ್ಮನ ದನಿ ಏರುತ್ತ ಏರುತ್ತ ಇಡೀ ಕಾಲೋನಿಗೆ ಕೇಳಿಸಿತು. ಮಗನ ಮದುವೆ ಮುಂದಿಟ್ಟುಕೊಂಡು ಅದನ್ನು ಮುಟ್ಟಿಸಿದರೆ ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಅನ್ನುತ್ತಿದ್ದರು. ಕೊನೆಗೆ ಮಂತ್ರಿಗಳ ದನಿ ಬಂತು, ಅರ್ಧಕ್ಕರ್ಧ ಕುಗ್ಗಿ. ಕಂಬ ಇರಲಿ, ಹೊರಗಡೆ ಮದುವೆ ಮಾಡಿಕೊಳ್ಳಲಿ, ಬೀಗ ಮಾತ್ರ ತೆಗೆಯಬೇಡ.

ಶಿವರಾಮನ ಮುಖಕ್ಕೆ ಬಣ್ಣ ಬಂತು. ಕೇಳಿಸಿಕೊಂಡಿರಲ್ಲ, ಹೊರಗಡೆ ಮಾಡ್ಕೊಳಿ ಅಂದ. ಒಂದು ಶಾಮಿಯಾನವನ್ನೂ ಸಾಹೇಬರ ಲೆಕ್ಕದಲ್ಲಿ ಕಳಿಸುವುದಾಗಿ ಹೇಳಿದ.

ಹೊರಗಡೆ. ಸುಧಾಮಣಿಯ ಕಿವಿಯಲ್ಲಿ ಆ ಮಾತು ಸುತ್ತತೊಡಗಿತು. ಅವ್ವ ಮಲಗಿದ್ದು ಹೊರಗಡೆ. ಅಜ್ಜಿ ನೀರು ಕುಡಿದದ್ದು ಹೊರಗಡೆ. ತಾನು ನಿಂತು ಕಾಫಿ ಕುಡಿದದ್ದು ಚಪ್ಪಲಿಯ ಪಕ್ಕ. ಅಂಗಡಿಯಲ್ಲಿ ತಾನು ಉಡಿಸಿದ ಸೀರೆಯ ಬೊಂಬೆಗಳು ಗಾಜಿನ ಒಳಗೆ, ಮಧ್ಯಾಹ್ನ ತಾನು ಡಬ್ಬಿ ಬಿಚ್ಚುವುದು ಮೆಟ್ಟಿಲ ಮೇಲೆ. ಅವಳು ಎದ್ದಳು. ಮೆತ್ತಗೆ ಮಾತಾಡುವ ಹುಡುಗಿ, ಬಸ್ಸಿನಲ್ಲಿ ಕನಸು ಕಾಣುತ್ತ ಸ್ಟಾಪು ಮರೆಯುವ ಹುಡುಗಿ. ಚಿನ್ನಪ್ಪನ ಕೈಯಿಂದ ಹಾರೆ ತೆಗೆದುಕೊಂಡಳು. ಹಾರೆ ಭಾರವಿತ್ತು. ಬಾಗಿಲಿಗೆ ಹೋಗಿ ಬೀಗದ ಕೊಂಡಿಗೆ ಸಿಕ್ಕಿಸಿ ಮೈಭಾರ ಬಿಟ್ಟಳು. ಬೀಗ ಬಗ್ಗಲಿಲ್ಲ. ಅಂಗೈ ಸುಲಿಯಿತು. ಮತ್ತೆ ಬಿಟ್ಟಳು.

"ಏಯ್, ಕೇಸ್ ಆಗ್ತದೆ," ಎಂದು ಶಿವರಾಮ್ ಕೂಗಿದ.

"ಆಗ್ಲಿ. ನಮ್ಮನೆ ಬೀಗ ನಾವೇ ಒಡ್ಕೊಂಡ್ರೆ ಯಾವ ಸೆಕ್ಷನ್ನು ಅಂತ ನೀವೇ ಕೇಳ್ಕೊಂಡ್ ಬನ್ನಿ," ಅಂದಳು ಸೊಣ್ಣಮ್ಮ. ಅವಳೂ ಹಾರೆಯ ತುದಿ ಹಿಡಿದಳು. ಆಮೇಲೆ ಹೆಂಗಸರೆಲ್ಲ ಹಿಡಿದರು. ಬೀಗ ಗಟ್ಟಿಯೇ ಇತ್ತು. ಬಾಗಿಲು ಅನುದಾನದ್ದು. ಬೀಗ ಹಾಗೆಯೇ ಉಳಿದು, ಚಿಲಕ ಮರದ ಸಮೇತ ಕಿತ್ತುಕೊಂಡು ಬಂತು.

ಅರಮನೆಯ ಬಾಗಿಲು ತೆರೆಯಿತು. ಒಳಗೆ ಬೈರಣ್ಣನಿದ್ದ.

ಒಬ್ಬನಲ್ಲ. ಗೋಡೆಯಿಂದ ಗೋಡೆಗೆ ಬೈರಣ್ಣ. ಕೈಮುಗಿದ ಬೈರಣ್ಣ, ಕೈಬೀಸುವ ಬೈರಣ್ಣ, ಮಗುವಿಗೆ ಪೋಲಿಯೋ ಹನಿ ಹಾಕುವ ಬೈರಣ್ಣ. ಪ್ಲೈವುಡ್ಡಿನ ಕಟೌಟುಗಳು ಒಂದರ ಬೆನ್ನಿಗೆ ಒಂದು ಒರಗಿ ನಿಂತಿದ್ದವು. ಸುತ್ತಿಟ್ಟ ಫ್ಲೆಕ್ಸುಗಳನ್ನು ಸೂರಿನವರೆಗೆ ಪೇರಿಸಿದ್ದರು. ಇಲಿಗಳು ಎದ್ದು ಓಡಿದವು. ಮೂಲೆಯ ಗೋಣಿಚೀಲಗಳಲ್ಲಿ ಏನೋ ದುಂಡಗಿದ್ದುದನ್ನು ಸೊಣ್ಣಮ್ಮ ಸುರಿದಳು. ತಲೆಗಳು. ಬರೀ ತಲೆಗಳು. ಆಗ ಶಿವರಾಮನ ಗುಟ್ಟು ಬಯಲಾಯಿತು. ಸಾಹೇಬರು ಪಕ್ಷ ಬದಲಿಸಿದಾಗಲೆಲ್ಲ ಪೂರ್ತಿ ಕಟೌಟ್ ಮಾಡಿಸುವ ಬದಲು ಅವನು ಹಳೇ ಮೈಗಳಲ್ಲಿ ಅರ್ಧಕ್ಕೆ ಹೊಸ ತಲೆ ಹೊಡೆಸಿ, ಶಲ್ಯಕ್ಕೆ ಬಣ್ಣ ಬಳಿಸುತ್ತಿದ್ದ. ಅದಕ್ಕೇ ಮಂತ್ರಿಗಳ ಮೈ ಇಪ್ಪತ್ತು ವರ್ಷದಿಂದ ಹಾಗೇ ಸಣ್ಣಗಿತ್ತು, ಮುಖ ಮಾತ್ರ ಊದುತ್ತ ಬಂದಿತ್ತು. ಸುಧಾಮಣಿಗೆ ತಲೆಯಿಲ್ಲದ ಮೈಗಳು ಹೊಸದಲ್ಲ. ಮೈಯಿಲ್ಲದ ತಲೆಗಳನ್ನು ಮೊದಲ ಸಲ ನೋಡಿದಳು. ಗಿಳಿಯನ್ನು ಹುಡುಕಿಕೊಂಡು ಏಳು ಸಮುದ್ರ ದಾಟಬೇಕಿರಲಿಲ್ಲ, ರಾಕ್ಷಸನ ಜೀವ ನಮ್ಮ ಬೀದಿಯ ಕೊನೆಗೇ ಗೋಣಿಚೀಲದಲ್ಲಿ ಕಟ್ಟಿಟ್ಟಿತ್ತಲ್ಲ ಎಂದು ಅವಳಿಗೆ ನಗು ಬಂತು.

ಹೆಂಗಸರು ಸೆರಗು ಸಿಕ್ಕಿಸಿ ಕೆಲಸಕ್ಕಿಳಿದರು. ಒಂದೊಂದು ಕಟೌಟನ್ನು ಇಬ್ಬಿಬ್ಬರು ಹೊತ್ತು ಹೊರಗೆ ತಂದರು. ಮೊಳೆ ತಾಗಿ ಕೈ ಹರಿಯಿತು, ಧೂಳಿಗೆ ಗಂಟಲು ಕಟ್ಟಿತು. ಇಲಿ ಹಿಕ್ಕೆಯನ್ನು ಮೊರದಲ್ಲಿ ತುಂಬಿ ತುಂಬಿ ಎಸೆದರು. ಊರಿನ ಬೀದಿಗಳನ್ನೆಲ್ಲ ಗುಡಿಸಿ ಸವೆದ ಕೈಗಳು ತಮ್ಮದೊಂದು ನೆಲವನ್ನು ಗುಡಿಸುತ್ತಿದ್ದವು. ತಂದದ್ದನ್ನು ಎಲ್ಲಿಡುವುದೆಂದು ಕೇಳಿದಾಗ ಸುಧಾಮಣಿ, ಬೀದಿಯ ಎರಡೂ ಕಡೆ ನಿಲ್ಲಿಸಿ, ಸಣ್ಣ ಮುಖದಿಂದ ದೊಡ್ಡ ಮುಖಕ್ಕೆ ಅಂದಳು. ನಿಲ್ಲಿಸಿದರು. ಸಂದಿಯ ಬಾಯಲ್ಲಿ ಹೊಲಿಗೆ ಯಂತ್ರದ ಮೀಸೆ ಹುಡುಗ. ಅವನಾದ ಮೇಲೆ ಹಳದಿ ಶಲ್ಯದ ಕೊಡೆ, ಕೊಡೆ ಪಕ್ಷದ ಭ್ರಷ್ಟರನ್ನು ಓಡಿಸಿ ಎನ್ನುವ ನೇರಳೆ ಶಲ್ಯದ ಗಂಟೆ, ಗಂಟೆ ಪಕ್ಷದ ಭ್ರಷ್ಟರನ್ನು ಓಡಿಸಿ ಎನ್ನುವ ಮತ್ತದೇ ಕೊಡೆ. ಭವನದ ಬಾಗಿಲಿನ ಹತ್ತಿರ ಮಂತ್ರಿ. ಒಬ್ಬ ಮನುಷ್ಯನ ಸಾರ್ವಜನಿಕ ಜೀವನವೆಲ್ಲ ಬಿಸಿಲಿಗೆ ಒಣಗಲು ನಿಂತಿತು. ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಂದ ಜನ ಫೋನು ಹಿಡಿದರು.

ಕೊನೆಯ ಕಟೌಟ್ ಎಲ್ಲಕ್ಕಿಂತ ಭಾರವಿತ್ತು. ಅದನ್ನು ಎಳೆದಾಗ ಹಿಂದಿನ ಗೋಡೆಯ ಮೇಲೆ ಬಾಬಾಸಾಹೇಬರ ಪಟ ಕಂಡಿತು. ಉದ್ಘಾಟನೆಯ ದಿನ ಹಾಕಿದ ಹಾರ ಒಣಗಿ, ದಾರ ಮಾತ್ರ ನೇತಾಡುತ್ತಿತ್ತು. ಗಾಜಿನ ಮೇಲೆ ಜೇಡ ಬಲೆ ಕಟ್ಟಿತ್ತು. ಮಾರಮ್ಮ ಸೆರಗಿನಿಂದ ಗಾಜು ಒರೆಸಿದಳು. ಇಷ್ಟು ವರ್ಷ ಇವನ ಬೆನ್ನನ್ನೇ ನೋಡ್ಕೊಂಡು ನಿಂತಿದ್ಯಾ ಅಪ್ಪ ಅಂದಳು.

ಮದುವೆಯ ಹೊತ್ತಿಗೆ ಬೀದಿಯ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಗಂಟೆ ಪಕ್ಷದವರು ಅದಕ್ಕೆ ಹಾಡು ಸೇರಿಸಿ ಹಂಚಿದರು. ಹಾಗಾಗಿ ಮಂತ್ರಿಗಳು ಬರಲೇಬೇಕಾಯಿತು. ಪ್ರೀತಿಯಿಂದ ನವದಂಪತಿಗಳನ್ನು ಹರಸಿದರು ಎಂಬ ಇನ್ನೊಂದು ವಿಡಿಯೋ ಬೇಕಿತ್ತು. ಬುದ್ಧವಂದನೆ ಮುಗಿದು, ಹಾರ ಬದಲಾಗಿ, ಪಂಕ್ತಿ ಕೂರುವ ಹೊತ್ತಿಗೆ ಕಾರು ಸಂದಿಯ ಬಾಯಲ್ಲಿ ನಿಂತಿತು. ಒಳಗೆ ಕಾರು ಬರಲು ದಾರಿಯಿರಲಿಲ್ಲ, ಅಲ್ಲೆಲ್ಲ ಅವರೇ ನಿಂತಿದ್ದರು. ಬೈರಣ್ಣ ಇಳಿದು ತಮ್ಮ ಜೀವನದ ಉದ್ದಕ್ಕೂ ನಡೆದು ಬಂದರು. ಹೊಲಿಗೆ ಯಂತ್ರದ ಹುಡುಗನ ಮುಂದೆ ಮಾತ್ರ ಒಂದು ಕ್ಷಣ ನಿಂತರು. ಹಿಂದೆ ಕ್ಯಾಮೆರಾ. ಅದರ ಹಿಂದೆ ಶಿವರಾಮ್. ಅವನ ಒಂದು ಕೈಯಲ್ಲಿ ಹೋಟೆಲಿನ ಪಾರ್ಸಲ್ ಚೀಲ, ಸಾಹೇಬರು ಕಾಲೋನಿಯಲ್ಲಿ ಊಟ ಮಾಡುವಾಗಲೆಲ್ಲ ಎಲೆಗೆ ಬೀಳುತ್ತಿದ್ದದ್ದು ಅದೇ. ಇನ್ನೊಂದು ಕೈಯಲ್ಲಿ ಹೊಸ ಬೀಗ.

ಆ ಬೀಗವನ್ನು ಸುಧಾಮಣಿ ನೋಡಿದಳು.

ಬೈರಣ್ಣ ಮೈಕು ಹಿಡಿದರು. ಕೆರೆ ಬಂತು, ಸುಳಿ ಬಂತು, ಬಿರುಗಾಳಿ ಬಂತು. ಈ ತಾಯಿಯ ಋಣ ತೀರಿಸಲು ಭವನವನ್ನು ಪೂರ್ತಿ ನವೀಕರಿಸುತ್ತೇನೆ, ನಾಳೆಯಿಂದಲೇ ಕೆಲಸ ಶುರು, ಅಲ್ಲಿಯವರೆಗೆ ಸುರಕ್ಷತೆಯ ದೃಷ್ಟಿಯಿಂದ ಮುಚ್ಚಿರುತ್ತದೆ ಅಂದರು. ಕಣ್ಣೊರೆಸಿಕೊಂಡು, ಎರಡು ಮಾತಾಡು ತಾಯಿ ಎಂದು ಮೈಕನ್ನು ಮಾರಮ್ಮನ ಬಾಯಿಗೆ ಹಿಡಿದರು. ಪ್ರತಿ ಸಲವೂ ಹಿಡಿಯುತ್ತಿದ್ದರು. ಪ್ರತಿ ಸಲವೂ ಅವಳು ಕೈಮುಗಿದು, ನಮ್ಮ ಬುದ್ಧಿ ಚೆನ್ನಾಗಿರಲಿ ಅನ್ನುತ್ತಿದ್ದಳು.

ಮಾರಮ್ಮ ಮೈಕನ್ನು ಅವರ ಕೈಯಿಂದ ಬಿಡಿಸಿಕೊಂಡಳು.

"ಮೊಣಕಾಲುದ್ದ ನೀರು," ಅಂದಳು. "ನೀನು ಎದ್ದು ನಿಂತಿದ್ರೆ ಸಾಕಿತ್ತು ಬೈರಣ್ಣ."

ಭವನದಲ್ಲಿ ಯಾರೋ ಕಿಸಕ್ಕೆಂದರು. ಬುದ್ಧಿ ಅನ್ನುವ ಮಾತು ಬಿಟ್ಟುಹೋದದ್ದು ಎಲ್ಲರಿಗೂ ಕೇಳಿಸಿತ್ತು.

"ಕೂಗಾಡ್ತಿದ್ದೆ ಅಂತ ಎಳ್ದು ಹಾಕ್ದೆ. ನಾನು ಮುಟ್ಟಿದ್ದಕ್ಕೆ ನಿಮ್ಮವ್ವ ನಿನಗೆ ಹುಣಸೆಹಣ್ಣು ಹಚ್ಚಿ ಉಜ್ಜಿ ನೀರು ಹೊಯ್ದ್ಲು. ನಾನು ಒದ್ದೆ ಸೀರೇಲಿ ಕೊಟ್ಟಿಗೆ ಆಚೆ ನಿಂತಿದ್ದೆ. ಒಂದು ಮುದ್ದೆ ಎಸೆದ್ರು. ಹಿಡ್ಕೊಂಡೆ. ಅವತ್ತು ಏನೂ ಕೇಳ್ಲಿಲ್ಲ. ಇವತ್ತು ಕೇಳ್ತೀನಿ. ಕೂತ್ಕೊಂಡು ಉಣ್ಣು. ಹೋಗೋವಾಗ ನಿನ್ ತಲೆಗಳ್ನೆಲ್ಲ ತಗೊಂಡ್ ಹೋಗು. ಬೀಗ ಇಲ್ಲೇ ಬಿಟ್ಟು ಹೋಗು. ಕೈ ಸಮೇತ."

ಮೈಕನ್ನು ಸೊಣ್ಣಮ್ಮನಿಗೆ ಕೊಟ್ಟು, ಪಂಕ್ತಿಯಲ್ಲಿ ಹೋಗಿ ಕೂತು ಎಲೆಗೆ ನೀರು ಚಿಮುಕಿಸಿಕೊಂಡಳು.

ಬೈರಣ್ಣ ನಕ್ಕರು. ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. ಹಿಂದಕ್ಕೆ ಹೋಗುವಂತಿರಲಿಲ್ಲ, ಬಾಗಿಲ ತುಂಬ ಜನ. ಕೂರಲು ಜಾಗ ಹುಡುಕಿದರು. ಪಂಕ್ತಿಗೆ ಹಾಸಿದ್ದು ಅವರದೇ ಫ್ಲೆಕ್ಸುಗಳು. ಸುಧಾಮಣಿ ಮರ್ಯಾದೆಗೆಂದು ಎಲ್ಲವನ್ನೂ ಮಗುಚಿ ಬಿಳೀ ಕಡೆ ಮೇಲೆ ಬರುವಂತೆ ಹಾಸಿದ್ದಳು. ಒಂದರ ಬೆನ್ನಿಗೆ ಮಾತ್ರ ಡಾಂಬರು ಮೆತ್ತಿತ್ತು, ಅದನ್ನು ಮುಖ ಮೇಲೆ ಮಾಡಿ ಹಾಸಬೇಕಾಗಿ ಬಂದಿತ್ತು. ಅದರ ಮೇಲೆ ಯಾರೂ ಕೂತಿರಲಿಲ್ಲ, ಸಂಕೋಚಪಟ್ಟಿದ್ದರು. ಈಗ ಖಾಲಿ ಇದ್ದದ್ದು ಅದೊಂದೇ. ಮಂತ್ರಿಗಳು ಕಾಲೆತ್ತಿದರು. ಕೆಳಗಿನ ಫ್ಲೆಕ್ಸಿನಿಂದ ಮಂತ್ರಿಗಳು ಕೈಮುಗಿದು ನಗುತ್ತಿದ್ದರು. ಎತ್ತಿದ ಕಾಲು ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು.

"ಕೂತ್ಕೊಳಿ ಅಣ್ಣ. ನಿಮ್ದೇ ಜಾಗ," ಅಂದಳು ಸುಧಾಮಣಿ.

ಕೂತರು.

ಶಿವರಾಮ್ ಪಾರ್ಸಲ್ ಬಿಚ್ಚುತ್ತ ಬಂದ. ಸಾರಿನ ಬಕೆಟ್ ಹಿಡಿದಿದ್ದ ಸೊಣ್ಣಮ್ಮ ಅವನನ್ನು ತಡೆದು, ಅದನ್ನ ಆಚೆ ಇಡಿ, ಹೈಜೀನ್ ಅಂದಳು. ಎಲೆಗೆ ಮುದ್ದೆ ಬಿತ್ತು, ಬಸ್ಸಾರು ಬಿತ್ತು. ಬೈರಣ್ಣ ಬೆರಳಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ಹಾಗೇ ಹಿಡಿದರು. ಭವನವೆಲ್ಲ ಉಣ್ಣುವುದನ್ನು ನಿಲ್ಲಿಸಿ ಆ ಕೈಯನ್ನೇ ನೋಡಿತು. ಅವರು ನುಂಗಿದರು. ಇನ್ನೊಂದು ತುತ್ತು ನುಂಗಿದರು. ಆಮೇಲೆ ಕ್ಯಾಮೆರಾ ಮರೆತರು. ಜೆ.ಪಿ. ನಗರದ ಮನೆಯಲ್ಲಿ ಡಾಕ್ಟರು ಹೇಳಿದರೆಂದು ಬರೀ ಓಟ್ಸ್ ಕೊಡುತ್ತಿದ್ದರಂತೆ. ಇನ್ನೊಂದು ಮುದ್ದೆ ಹಾಕ್ಲಾ ಎಂದು ಸೊಣ್ಣಮ್ಮ ಕೇಳಿದಾಗ ತಲೆ ತಗ್ಗಿಸಿಕೊಂಡೇ ಹೂಂ ಅಂದರು. ಸೊಣ್ಣಮ್ಮ ಹಾಕಿದಳು. ಎಲೆಯ ಮೇಲೆ ಬಗ್ಗಿ, ಮೆತ್ತಗೆ ಇಟ್ಟಳು. ಎಸೆಯಲಿಲ್ಲ.

ಊಟವಾದ ಮೇಲೆ ತಲೆಗಳನ್ನು ತುಂಬಲು ಒಂದು ಟೆಂಪೋ ಕರೆಸಿದರು. ಗೋಣಿಚೀಲಗಳು ಸಾಲದೆ ಕೆಲವನ್ನು ಹಾಗೇ ಮೇಲೆ ಪೇರಿಸಿದರು. ಮುಂದೆ ಮಂತ್ರಿಗಳ ಕಾರು, ಹಿಂದೆ ಟೆಂಪೋ. ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಎರಡೂ ನಿಂತಾಗ ಸುತ್ತಲಿನ ಸ್ಕೂಟರಿನವರು ಒಮ್ಮೆ ಕಾರಿನೊಳಗೆ ನೋಡಿದರಂತೆ, ಒಮ್ಮೆ ಟೆಂಪೋದ ಮೇಲೆ ನೋಡಿದರಂತೆ. ಸಿಗ್ನಲ್ ಬಿಟ್ಟರೂ ಯಾರೂ ಹಾರ್ನ್ ಮಾಡಲಿಲ್ಲವಂತೆ.

ಭವನದಲ್ಲಿ ಎಂಜಲೆಲೆ ತೆಗೆದು ನೆಲ ತೊಳೆಯುತ್ತಿದ್ದರು. ಹೊಸ ಚಿಲಕ ಹಾಕಲು ಚಿನ್ನಪ್ಪ ಮೊಳೆ ಹುಡುಕುತ್ತಿದ್ದ. ಸುಧಾಮಣಿ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಬಾಬಾಸಾಹೇಬರ ಪಟದ ಕೆಳಗೆ, ಖಾಲಿ ನೆಲದ ನಟ್ಟನಡುವೆ ಮಾರಮ್ಮ ಗೋಡೆಗೆ ಒರಗದೆ ಕಾಲು ಚಾಚಿ ಕೂತಿದ್ದಳು. ತಲೆಯ ಮೇಲೆ ಸೆರಗೂ ಇರಲಿಲ್ಲ. ನೆತ್ತಿಯ ಬೋಳಿಗೆ ಕಿಟಕಿಯ ಬೆಳಕು ಬಿದ್ದಿತ್ತು. ಸಂಚಿ ಬಿಚ್ಚಿ ಹೊಗೆಸೊಪ್ಪು ತಡಕುತ್ತಿದ್ದಳು. ಕೈಗೆ ಹೊಸ ಬೀಗದ ಕೈ ಸಿಕ್ಕಿತು. ಅದನ್ನು ಸರಿಸಿ, ಅಡಿಕೆಯ ಕೆಳಗೆ ತಳ್ಳಿ, ಹೊಗೆಸೊಪ್ಪು ತೆಗೆದುಕೊಂಡು ಸಂಚಿಯ ದಾರ ಬಿಗಿಯಾಗಿ ಎಳೆದಳು.